ಎಡಗೈಯವನ ಕೋವಿ

ಡಚ್ಚರ ಊರಾದ ಟಿಲ್‌ಬರ್ಗಿನ ನಮ್ಮ ಮನೆಯೊಳಕ್ಕೆ ನನ್ನ ಎಡಗೈಗೆ ಪ್ರವೇಶವಿರಲಿಲ್ಲ. ಹಾಗೆಂದು ಯಾರೂ ಬಾಗಿಲ ಮೇಲೆ ಬರೆದು ಹಾಕಿರಲಿಲ್ಲ. ಆದರೆ ಶೂ ಬಿಚ್ಚುವ ಜಾಗದಲ್ಲೇ ಅದನ್ನೂ ಬಿಚ್ಚಿಟ್ಟು ಒಳಗೆ ಹೋಗಬೇಕೆಂದು ಆರೇಳು ವರ್ಷಕ್ಕೇ ನನಗೆ ಗೊತ್ತಾಗಿತ್ತು. ಸಾಲುಮನೆಗಳ ಬೀದಿಯಲ್ಲಿ ಇಟ್ಟಿಗೆಯ ಕಿರಿದಾದ ಮನೆ ಅದು. ಕೆಳಗೆ ಉದ್ದನೆಯ ಒಂದೇ ಕೋಣೆ, ಬೀದಿ ಕಡೆಯ ತುದಿಯಲ್ಲಿ ಸೋಫಾ, ಹಿತ್ತಲ ಕಡೆಯ ತುದಿಯಲ್ಲಿ ಊಟದ ಮೇಜು, ಮೇಜಿನ ಪಕ್ಕದ ಗೂಡಿನಲ್ಲಿ ಚಾಮುಂಡೇಶ್ವರಿಯ ಫೋಟೋ. ಊಟಕ್ಕೆ ಕೂತಾಗ ನನ್ನ ಎಡಗೈ ತೊಡೆಯ ಕೆಳಗಿರಬೇಕು. ಸೂಟ್‌ಕೇಸಿನಲ್ಲಿ ತಂದ ರಾಗಿಹಿಟ್ಟಿನಲ್ಲಿ ಅಮ್ಮ ಭಾನುವಾರಕ್ಕೊಮ್ಮೆ ಮುದ್ದೆ ಮಾಡುತ್ತಿದ್ದರು. ಬಲಗೈಯಲ್ಲಿ ಮುರಿದು ಸಾರಿಗೆ ಅದ್ದಿ ಬಾಯಿಗೆ ತರುವಷ್ಟರಲ್ಲಿ ನನ್ನದು ಅರ್ಧ ಮೇಜಿನ ಮೇಲಿರುತ್ತಿತ್ತು. ಎಡಗೈ ಮೇಲೆ ಬಂದರೆ ಅಮ್ಮ ಸೌಟಿನ ಹಿಡಿಯಿಂದ ಗೆಣ್ಣಿಗೆ ತಟ್ಟುತ್ತಿದ್ದರು. ಜೋರಾಗಿ ಅಲ್ಲ. ಜೋರಾಗಿ ಹೊಡೆದಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಶಾಲೆಯಲ್ಲಿ ಬೇರೆಯೇ ಕಥೆ. ಅಲ್ಲಿ ಮೊದಲ ವಾರದಲ್ಲೇ ಟೀಚರು ಹಸಿರು ಹಿಡಿಯ ಎಡಗೈ ಕತ್ತರಿಯೊಂದನ್ನು ಡ್ರಾಯರಿನಿಂದ ತೆಗೆದುಕೊಟ್ಟು, ಏನೂ ಆಗದವರ ಹಾಗೆ ಮುಂದಿನ ಮಗುವಿನ ಹತ್ತಿರ ಹೋದರು. ಹೀಗಾಗಿ ನನಗೆ ಎರಡು ಕೈಬರಹ. ಡಚ್ಚನ್ನು ಎಡಗೈಯಲ್ಲಿ ಬರೆದೆ, ಕನ್ನಡವನ್ನು ಅಪ್ಪಾಜಿಯ ಎದುರು ಕೂತು ಬಲಗೈಯಲ್ಲಿ ಕಲಿತೆ. ಈಗ ಇದನ್ನು ಬರೆಯುತ್ತಿರುವುದೂ ಬಲಗೈಯಲ್ಲೇ. ಮನಸ್ಸಿಗೆ ಬಂದದ್ದು ಕೈಗೆ ಇಳಿಯುವುದು ಇವತ್ತಿಗೂ ಸ್ವಲ್ಪ ತಡ.

ನಾವು ಮೈಸೂರಿನ ಅರಸು ಜನ. ಈ ಮಾತನ್ನು ಅಪ್ಪಾಜಿ ಹೇಳುತ್ತಿದ್ದ ಠೀವಿಗೂ ಅವರು ಮಾಡುತ್ತಿದ್ದ ಕೆಲಸಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಸಾಗಣೆ ಕಂಪನಿಯೊಂದರ ಗೋದಾಮಿನಲ್ಲಿ ಯಾವ ಪೆಟ್ಟಿಗೆ ಯಾವ ಲಾರಿಗೆ ಹೋಗಬೇಕೆಂದು ಹೇಳುವ ಕಂಪ್ಯೂಟರುಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಅವರಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಅವರ ಮೇಲಧಿಕಾರಿ. ಊರಿನ ಮನೆಯಲ್ಲಿ ತಾತನ ಜೋಡಿ ನಳಿಗೆಯ ಕೋವಿಯೊಂದಿತ್ತು. ತಾತ ತೀರಿಕೊಂಡ ಮೇಲೆ ಅದು ದೊಡ್ಡಪ್ಪನ ಪಾಲಾಯಿತು. ಕಿರಿಮಗನಾದ ಅಪ್ಪಾಜಿಗೆ ಬಂದದ್ದು ತಾತನ ಕೈಗಡಿಯಾರ, ಅದೂ ನಿಂತದ್ದು. ಆಯುಧ ಪೂಜೆಯ ದಿನ ದೊಡ್ಡಪ್ಪ ತಪ್ಪದೆ ಫೋನ್ ಮಾಡುತ್ತಿದ್ದರು, ಕೋವಿಗೆ ಹೂ ಮುಡಿಸಿದ್ದಾಯಿತು ಎಂದು ಹೇಳಲಿಕ್ಕೆ. ಆ ಹೊತ್ತಿಗೆ ನಮ್ಮ ಮನೆಯ ಮಣೆಯ ಮೇಲೆ ತರಕಾರಿ ಚಾಕು, ಸೈಕಲ್ ಪಂಪು ಮತ್ತು ಒಂದು ಸ್ಕ್ರೂಡ್ರೈವರ್ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತಿದ್ದವು. ನಿಮ್ಮಲ್ಲಿ ಏನಿಟ್ರಿ ಎಂದು ದೊಡ್ಡಪ್ಪ ಕೇಳಿದರೆ ಅಪ್ಪಾಜಿ, ಕಾರು, ಎನ್ನುತ್ತಿದ್ದರು. ಆಗ ನಮಗೆ ಕಾರಿರಲಿಲ್ಲ.

ಅವರ ಕೋವಿಯ ಆಸೆಗೆ ದಾರಿ ತೋರಿಸಿದವನು ಪಕ್ಕದ ಮನೆಯ ಪೀಟ್, ನಿವೃತ್ತ ಬಡಗಿ. ಊರಾಚೆಯ ಬಯಲಿನಲ್ಲಿದ್ದ ಶೂಟಿಂಗ್ ಕ್ಲಬ್ಬಿನ ಹಳೆಯ ಸದಸ್ಯ. ಅಲ್ಲಿ ಯಂತ್ರವೊಂದು ಅಂಗೈಯಗಲದ ಮಣ್ಣಿನ ತಟ್ಟೆಗಳನ್ನು ಗಾಳಿಗೆ ಎಸೆಯುತ್ತದೆ, ಅವು ಕೆಳಗೆ ಬೀಳುವ ಮೊದಲು ಗುಂಡಿಕ್ಕಿ ಒಡೆಯಬೇಕು. ಡಚ್ಚರು ಅವನ್ನು ಮಣ್ಣಿನ ಪಾರಿವಾಳ ಎನ್ನುತ್ತಾರೆ. ಒಮ್ಮೆ ಕರೆದುಕೊಂಡು ಹೋದ ಪೀಟ್, ಅಪ್ಪಾಜಿಯ ಮುಖ ನೋಡಿ ಮತ್ತೆ ಮತ್ತೆ ಕರೆದುಕೊಂಡು ಹೋದ. ಸ್ವಂತ ಕೋವಿ ಬೇಕೆಂದರೆ ಬೇಟೆಯ ಪರೀಕ್ಷೆ ಪಾಸಾಗಬೇಕು. ಪುಸ್ತಕ ಡಚ್ಚಿನಲ್ಲಿ, ಪ್ರಶ್ನೆಗಳು ಡಚ್ಚಿನಲ್ಲಿ. ಅಪ್ಪಾಜಿಯ ಡಚ್ಚು ಬೇಕರಿಯಲ್ಲಿ ಬ್ರೆಡ್ ಕೊಳ್ಳುವುದರಾಚೆ ಹೋಗಿರಲಿಲ್ಲ. ಮನೆಗೆ ಬರುವ ಸರಕಾರಿ ಕಾಗದಗಳನ್ನೆಲ್ಲ ಓದಿ ಹೇಳುವವಳು, ಡಾಕ್ಟರ ಹತ್ತಿರ ಅವರ ಎದೆಯುರಿ ವಿವರಿಸುವವಳು, ಕೌಂಟರುಗಳಲ್ಲಿ ಅವರ ಪಕ್ಕ ನಿಂತು ಮಾತಾಡುವವಳು ಎಲ್ಲ ನಾನೇ ಆಗಿದ್ದೆ. ಬೇಟೆಯ ಪುಸ್ತಕವೂ ನನಗೇ ಬಂತು.

ಆ ವರ್ಷ ನನಗೆ ಹದಿಮೂರು. ನನ್ನ ಬಾಲ್ಯದಲ್ಲಿ ಸುಖವೆಂದು ಹೇಳಬಹುದಾದದ್ದು ಇದ್ದರೆ ಆ ಚಳಿಗಾಲವೇ. ಊಟವಾದ ಮೇಲೆ ಮೇಜು ಒರೆಸಿ ಇಬ್ಬರೂ ಕೂರುತ್ತಿದ್ದೆವು. ಕಾಡುಬಾತು, ಕಾಡುಕೋಳಿಯಂಥ ಫೆಸೆಂಟ್, ಕಾಡುಪಾರಿವಾಳ. ಯಾವುದರ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಯಾವುದನ್ನು ಯಾವ ತಿಂಗಳಲ್ಲಿ ಮುಟ್ಟುವಂತಿಲ್ಲ. ನಾನು ಡಚ್ಚಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅಪ್ಪಾಜಿ ಡಚ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಹೊರಗೆ ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳದ ಮನುಷ್ಯ ನನ್ನ ಮುಂದೆ ತಪ್ಪು ಹೇಳಿ, ತಿದ್ದಿಸಿಕೊಂಡು, ನಗುತ್ತಿದ್ದರು. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವಂತೆ ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದರು.

"ಅಮ್ಮಣ್ಣಿ, ನೀನಿಲ್ದೆ ಹೋಗಿದ್ರೆ ಈ ದೇಶದಲ್ಲಿ ನಾನು ಮೂಗ ಕಣಮ್ಮ," ಎಂದಿದ್ದರು ಒಂದು ಸಂಜೆ. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ಪರೀಕ್ಷೆ ಪಾಸಾಯಿತು. ಆ ಖುಷಿಯಲ್ಲಿ ಪೀಟ್ ನನ್ನನ್ನೂ ಬಯಲಿಗೆ ಕರೆದುಕೊಂಡು ಹೋಗಿ, ತಾನೇ ಬೆನ್ನ ಹಿಂದೆ ನಿಂತು ತನ್ನ ಹಗುರವಾದ ಕೋವಿಯನ್ನು ನನ್ನ ಕೈಗಿಟ್ಟ. ನಾನು ಅಭ್ಯಾಸಬಲದಿಂದ ಬಲಭುಜಕ್ಕೆ ಏರಿಸಿದೆ. ಮೂರು ತಟ್ಟೆ ಹಾರಿದವು, ಮೂರೂ ಸುರಕ್ಷಿತವಾಗಿ ಹುಲ್ಲಿಗೆ ಬಿದ್ದವು. ಪೀಟ್ ನನ್ನೆದುರು ಬಂದು, ತನ್ನ ಮೂಗಿನ ಹತ್ತಿರ ಬೆರಳು ಹಿಡಿದು, ಎರಡೂ ಕಣ್ಣು ತೆರೆದು ಇದಕ್ಕೆ ಬೊಟ್ಟು ಮಾಡು ಎಂದ. ಮಾಡಿದೆ. ಅವನು ನಕ್ಕು, "ನಿನ್ನ ಯಜಮಾನಿ ಎಡಗಣ್ಣು. ಗುರಿ ಹಿಡಿಯುವುದು ಅದೇ. ಆ ಕಡೆಗೆ ತಗೋ," ಎಂದ. ಎಡಭುಜಕ್ಕೆ ತೆಗೆದುಕೊಂಡೆ. ನಾಲ್ಕನೆಯ ತಟ್ಟೆ ಕಪ್ಪು ಪುಡಿಯಾಗಿ ಗಾಳಿಯಲ್ಲಿ ಚೆದುರಿತು. ಐದನೆಯದೂ. ತಿರುಗಿ ಅಪ್ಪಾಜಿಯ ಕಡೆ ನೋಡಿದೆ, ಬೈಗುಳಕ್ಕೆ ತಯಾರಾಗಿ. ಅವರು ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದಲ್ಲಿದ್ದ ಯಾರಿಗೋ ಇಂಗ್ಲಿಷಿನಲ್ಲಿ, ನನ್ನ ಮಗಳು, ಎಂದು ಹೇಳುತ್ತಿದ್ದರು. ನನ್ನ ಶಿಕ್ಷೆ ಮುಗಿಯಿತೆಂದು ನಾನು ತಿಳಿದೆ. ಎಂಥ ಪೆದ್ದಿ! ಹೊರಗಿನವರ ಮುಂದೆ ಬೈಯುವ ಪದ್ಧತಿ ನಮ್ಮಲ್ಲಿರಲಿಲ್ಲ, ಅಷ್ಟೇ.

ಆಮೇಲೆ ಶುರುವಾದದ್ದು ಯಾವ ಕೋವಿ ಎಂಬ ಜಗಳ. ಕ್ಲಬ್ಬಿನ ಹೆಚ್ಚಿನವರ ಹತ್ತಿರ ಇದ್ದದ್ದು ಒಂದರ ಮೇಲೊಂದು ನಳಿಗೆಯಿರುವ ಕೋವಿ, ತಟ್ಟೆ ಹೊಡೆಯಲು ಅದೇ ಸುಲಭವಂತೆ. ಅಪ್ಪಾಜಿಗೆ ಅದು ಕಣ್ಣಿಗೇ ಹಿಡಿಸಲಿಲ್ಲ. ತಾತನದರಂತೆ ಎರಡು ನಳಿಗೆ ಪಕ್ಕಪಕ್ಕ ಮಲಗಿರಬೇಕು. ಸರಿ, ಹಾಗಾದರೆ ತಟ್ಟೆಗೂ ಬೇಟೆಗೂ ಆಗುವಂಥದ್ದನ್ನು, ಕೈಗೆಟುಕುವಂಥದ್ದನ್ನು ನೋಡು ಎಂದು ಪೀಟ್ ಅಪ್ಪಾಜಿಗೆ ಪಾಠ ಮಾಡಿದ. ಬೇಟೆಯ ತೋಟಾಗಳಲ್ಲಿ ಸೀಸದ ಕಾಳು ನಿಷೇಧವಾಗಿದೆ, ಆದ್ದರಿಂದ ಉಕ್ಕಿನ ಕಾಳು ತಡೆಯುವ ನಳಿಗೆ ಬೇಕು, ತುಂಬ ಹಳೆಯದು ಬೇಡ. ಎರಡೂ ನಳಿಗೆಯ ಬಾಯಿ ತೀರ ಬಿಗಿಯಿರಬಾರದು. ನಳಿಗೆ ಕಳಚಿ ತೂಗಿಹಿಡಿದು ಉಗುರಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಮಂಕಾಗಿ ಸದ್ದು ಬಂದರೆ ಬೆಸುಗೆ ಬಿಟ್ಟಿದೆ ಎಂದರ್ಥ. ಮತ್ತೆ ಜೋಡಿಸಿ ಮುಚ್ಚಿ ಬೆಳಕಿಗೆ ಹಿಡಿದರೆ ನಳಿಗೆಯ ಬುಡದ ಸಂದಿಯಲ್ಲಿ ಬೆಳಕು ಕಾಣಬಾರದು. ಸ್ಪೇನಿನಲ್ಲಿ ಮಾಡಿದ್ದು ಸಾಕು. ಹೂಬಳ್ಳಿಯ ಕೆತ್ತನೆಗೆ ದುಡ್ಡು ಸುರಿಯಬೇಡ, ಹಕ್ಕಿ ಅದನ್ನು ನೋಡುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಭುಜಕ್ಕೆ ಆನಿಸುವ ಮರ ನಿನ್ನ ಮೈಗೆ ಹೊಂದಬೇಕು. ಅಮ್ಮ ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡು, ಪೀಟ್ ಹೋದ ಮೇಲೆ ಪಾತ್ರೆ ಕುಕ್ಕಿದರು.

"ಕೂತ್ಕೊಳೋಕೆ ಒಂದು ನೆಟ್ಟಗಿರೋ ಸೋಫಾ ಇಲ್ಲ. ಇಲ್ಲಿ ಹಕ್ಕಿ ಹೊಡ್ದು ಯಾವ ಸಂಸ್ಥಾನ ಕಟ್ತೀರಿ?"

"ಮನೇಲಿ ಒಂದು ಆಯುಧ ಅಂತ ಬೇಡ್ವಾ? ನಮ್ಮ ತಂದೆ ಮನೇಲಿತ್ತು, ನಮ್ಮಣ್ಣನ ಮನೇಲಿದೆ. ನಾನೊಬ್ನೇನಾ ಬಿಟ್ಟೋದವ್ನು?"

ಮರುವಾರ ಕೋವಿಯಿಡುವ ಉಕ್ಕಿನ ಬೀರು ಬಂದು ಮೆಟ್ಟಿಲ ಕೆಳಗಿನ ಗೋಡೆಗೆ ಬೋಲ್ಟಿನಲ್ಲಿ ಕೂತಿತು, ಪೊಲೀಸನೊಬ್ಬ ಬಂದು ಅದನ್ನು ಅಲ್ಲಾಡಿಸಿ ನೋಡಿ ಹೋದ. ಅಮ್ಮನ ಉಪ್ಪಿನಕಾಯಿ ಜಾಡಿಗಳು ಹಿತ್ತಲ ಶೆಡ್ಡಿಗೆ ಹೋದವು.

ಕೋವಿ ಕೊಳ್ಳಲು ಹೋದ ಶನಿವಾರ ಪೀಟ್‌ನ ಹೆಂಡತಿಯ ಹುಟ್ಟುಹಬ್ಬ, ಅವನು ಬರುವಂತಿರಲಿಲ್ಲ. ನಾನು ಮತ್ತು ಅಪ್ಪಾಜಿ ಬಸ್ಸಿನಲ್ಲಿ ಹೋದೆವು. ಹಳ್ಳಿಯೊಂದರ ಚರ್ಚಿನ ಹಿಂದಿದ್ದ ಚಿಕ್ಕ ಅಂಗಡಿ. ಅಂಗಡಿಯ ಮುದುಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವನ ಡಚ್ಚನ್ನು ನಾನೇ ಕಿವಿಗೊಟ್ಟು ಕೇಳಬೇಕಿತ್ತು. ಅಪ್ಪಾಜಿ ಹೇಳಿದ ಬೆಲೆ ಕೇಳಿ ಅವನು ಹೊಸ ಕೋವಿಗಳ ಸಾಲನ್ನು ದಾಟಿ ಮೂಲೆಗೆ ಹೋದ. ಎರಡು ತಂದಿಟ್ಟ. ಒಂದರ ಮರ ನೆಟ್ಟಗೆ, ಎರಡು ಭುಜಕ್ಕೂ ಆಗುವಂಥದ್ದು. ಆದರೆ ಅದು ಅಪ್ಪಾಜಿಯ ಕೈಗೆಟುಕುತ್ತಿರಲಿಲ್ಲ. ಇನ್ನೊಂದು ಹೆಚ್ಚುಕಡಿಮೆ ಹೊಸದು, ಸ್ಪೇನಿನದು, ತಟ್ಟಿದರೆ ಗಂಟೆಯ ನಾದ, ಸಂದಿಯಲ್ಲಿ ಬೆಳಕಿಲ್ಲ. ಬೆಲೆ ಮಾತ್ರ ನಂಬಲಾರದಷ್ಟು ಕಡಿಮೆ. ಯಾಕೆ ಎಂದು ಕೇಳಿಸಿದರು ಅಪ್ಪಾಜಿ. ಮುದುಕ ಕೋವಿಯನ್ನು ತಿರುಗಿಸಿ ಮೇಲಿನಿಂದ ತೋರಿಸಿದ: ಭುಜಕ್ಕಾನಿಸುವ ಮರ ನಳಿಗೆಯ ನೇರಕ್ಕಿರದೆ ತುಸು ಎಡಕ್ಕೆ ವಾಲಿತ್ತು. ಬಲಗೈಯವರಿಗೆ ಮಾಡಿದ್ದು ಬಲಕ್ಕೆ ವಾಲಿರುತ್ತದಂತೆ, ಕಣ್ಣು ನಳಿಗೆಯ ನೇರಕ್ಕೆ ಬರಲಿ ಎಂದು. ಇದನ್ನು ಎಡಗೈಯವನೊಬ್ಬ ಮಾಡಿಸಿಕೊಂಡಿದ್ದ, ತೀರಿಕೊಂಡ. ಎರಡು ವರ್ಷದಿಂದ ಕೇಳುವವರಿಲ್ಲ.

ಅಪ್ಪಾಜಿ ಭುಜಕ್ಕೆ ಏರಿಸಿ ನೋಡಿದರು, ಮುಖ ಸಿಂಡರಿಸಿದರು. ಮುದುಕ ಅದನ್ನು ನನ್ನ ಕೈಗೆ ಕೊಟ್ಟು ಗೋಡೆಯ ಮೇಲಿದ್ದ ಗಡಿಯಾರದತ್ತ ಗುರಿಯಿಡು ಎಂದ. ಎಡಭುಜಕ್ಕೆ ತೆಗೆದುಕೊಂಡೆ. ಕೆನ್ನೆ ಮರಕ್ಕೆ ತಾಗಿತು, ಕಣ್ಣು ತೆರೆದರೆ ಗಡಿಯಾರ ಎರಡು ನಳಿಗೆಯ ನಡುವೆ ಕೂತಿತ್ತು. ನಾನೇನೂ ಮಾಡಬೇಕಿರಲಿಲ್ಲ. ಕುರ್ಚಿ, ಮೇಜು, ಬಾಗಿಲ ಚಿಲಕ, ಅಮ್ಮನ ಈಳಿಗೆಮಣೆ, ನಾನು ಮುಟ್ಟಿದ ಪ್ರತಿಯೊಂದೂ ನನ್ನನ್ನು ಆ ಕಡೆ ತಿರುಗು ಎನ್ನುತ್ತಿತ್ತು. ಇದು ಮಾತ್ರ ನೀನು ಇರುವ ಹಾಗೆ ಇರು ಎಂದಿತು. ಮುದುಕ, "ಇದು ಹುಡುಗಿಯ ಕೋವಿ," ಎಂದ. ನಾನು ಆ ಮಾತನ್ನು ಅಪ್ಪಾಜಿಗೆ ಅನುವಾದಿಸುವ ಮೊದಲೇ ಅವರು ಕೇಳಿದರು:

"ಈ ಮರಾನ ಬಲಕ್ಕೆ ಬಗ್ಸೋಕಾಗತ್ತಾ ಕೇಳಮ್ಮ."

ಕೇಳಿದೆ. ಆಗುತ್ತದೆ, ಎಂದ ಮುದುಕ. ಬಿಸಿ ಎಣ್ಣೆ ಹಾಕಿ ಕಾಯಿಸಿ, ಚೌಕಟ್ಟಿನಲ್ಲಿ ಬಿಗಿದು, ನಿಧಾನಕ್ಕೆ ಬಗ್ಗಿಸುವುದು. ಒಂದು ಮಧ್ಯಾಹ್ನದ ಕೆಲಸ, ಹೆಚ್ಚು ಖರ್ಚೂ ಇಲ್ಲ, ಮರ ಸೀಳಬಹುದು ಆದರೆ ಸಾಮಾನ್ಯವಾಗಿ ಸೀಳುವುದಿಲ್ಲ. ಅವನು ಇಷ್ಟು ಹೇಳಿ ಮುಗಿಸಿದ. ಅಪ್ಪಾಜಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನಂತೆ?"

"ಆಗಲ್ವಂತೆ ಅಪ್ಪಾಜಿ. ಮರ ಮುರ್ದೋಗತ್ತಂತೆ."

ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಯೋಚಿಸಿ ಹೇಳಿದ್ದಲ್ಲ. ಆ ಕೋವಿ ನನಗೆ ಬೇಕಿತ್ತು, ಹಾಗೆಯೇ, ಎಡಕ್ಕೆ ವಾಲಿದ ಹಾಗೆಯೇ ಬೇಕಿತ್ತು. ಅವರು ನೆಟ್ಟಗಿನದನ್ನು ಕೊಳ್ಳಲಾರರು, ಬಗ್ಗಿಸಲಾಗದೆಂದರೆ ಇದನ್ನು ಹೀಗೇ ತರುತ್ತಾರೆ, ಎಂದಾದರೂ ನನ್ನ ಕೈಗೂ ಕೊಡುತ್ತಾರೆ ಎಂದು ನನ್ನ ಲೆಕ್ಕ. ಅಪ್ಪಾಜಿ ಕೋವಿಯನ್ನು ಮತ್ತೊಮ್ಮೆ ಭುಜಕ್ಕಿಟ್ಟುಕೊಂಡು, ಕತ್ತು ಓರೆ ಮಾಡಿ, ಕೊನೆಗೆ ನಕ್ಕರು.

"ಹೋಗ್ಲಿ ಬಿಡು. ಎರಡು ಬೆರಳು ಆ ಕಡೆ ಈ ಕಡೆ. ಅಭ್ಯಾಸ ಮಾಡಿದ್ರೆ ಮೈ ಎಲ್ಲಾದಕ್ಕೂ ಬಗ್ಗತ್ತೆ. ನಿನ್ನ ಕೈಯನ್ನೇ ತಿದ್ದಿಲ್ವಾ ನಾವು?"

ಅವರ ಮೈ ಬಗ್ಗಲಿಲ್ಲ. ಇಡೀ ಬೇಸಿಗೆ ಅಪ್ಪಾಜಿ ಶನಿವಾರ ಶನಿವಾರ ಬಯಲಿಗೆ ಹೋಗಿ, ತಟ್ಟೆಗಳ ಎಡಕ್ಕೆ ಗುಂಡು ಹಾರಿಸಿ ಮನೆಗೆ ಬಂದರು. ಕ್ಲಬ್ಬಿನವರು ಮೊದಮೊದಲು ಸಲಹೆ ಕೊಟ್ಟರು, ಆಮೇಲೆ ಸುಮ್ಮನಾದರು. ಆ ಸುಮ್ಮನಿರುವಿಕೆಯನ್ನು ಆಫೀಸಿನಲ್ಲಿ ಚೆನ್ನಾಗಿ ಬಲ್ಲ ಮನುಷ್ಯ ಅವರು. ಮನೆಗೆ ಬಂದವರೇ ಕೋವಿ ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ನನ್ನ ಕೈಗೆ ಒಂದು ದಿನವೂ ಕೊಡಲಿಲ್ಲ. ಒಮ್ಮೆ ಕೇಳಿದ್ದಕ್ಕೆ, ನಾನು ಕಲಿತ ಮೇಲೆ, ಎಂದರು. ಕಲಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾಕೆ ಕಲಿಯುವುದಿಲ್ಲ ಎಂಬುದೂ ಗೊತ್ತಿತ್ತು. ಹೇಳಿಬಿಡಬೇಕೆಂದು ಪ್ರತಿ ಶನಿವಾರ ಅಂದುಕೊಂಡೆ, ಮತ್ತು ಅವರ ಮೇಲಿನ ಸಿಟ್ಟು ಪ್ರತಿ ಶನಿವಾರ ನನ್ನ ಬಾಯಿ ಮುಚ್ಚಿಸಿತು. ಬಲಗೈಯಲ್ಲಿ ಮುದ್ದೆ ಮುರಿಯುವಾಗ ನನಗೂ ಹೀಗೇ ಆಗುತ್ತಿತ್ತು, ಈಗ ನಿಮಗೂ ಆಗಲಿ. ಅಷ್ಟು ಕೆಟ್ಟವಳಾಗಿದ್ದೆ, ಒಪ್ಪಿಕೊಳ್ಳುತ್ತೇನೆ.

ಮಂಡಿನೋವಿನಿಂದ ಬೇಸಿಗೆಯಿಡೀ ಬಯಲಿಗೆ ಬರದಿದ್ದ ಪೀಟ್ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಾಫಿಗೆ ಬಂದ. ಅಪ್ಪಾಜಿ ಕೋವಿಯನ್ನು ಮೇಜಿನ ಮೇಲಿಟ್ಟು ತಮಗೆ ಕಣ್ಣು ಹೋಗಿದೆಯೋ ಏನೋ ಎಂದು ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದರು. ಪೀಟ್ ಕೋವಿಯನ್ನು ಎತ್ತಿ ಮೇಲಿನಿಂದ ನೋಡಿದ. ಬಡಗಿಯ ಕಣ್ಣು, ಒಂದೇ ನೋಟಕ್ಕೆ ತಿಳಿಯಿತು.

"ಇದನ್ನು ಇನ್ನೂ ಬಗ್ಗಿಸಲಿಲ್ಲವೇ ನೀನು? ಆ ಮುದುಕ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ನನ್ನದನ್ನೂ ಅವನೇ ಮಾಡಿದ್ದು."

"ಆಗಲ್ಲ ಅಂದನಲ್ಲ ಅವನು?"

"ಅವನೇ? ಸಾಧ್ಯವೇ ಇಲ್ಲ. ಅದು ಅವನ ಕಸುಬು."

ಅಪ್ಪಾಜಿ ನನ್ನ ಕಡೆ ನೋಡಿದರು. ನಾನು ಬಿಸ್ಕತ್ತಿನ ಡಬ್ಬಿ ಹಿಡಿದು ನಿಂತಿದ್ದೆ, ಎಡಗೈಯಲ್ಲಿ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಬೇಸಿಗೆಯ ಒಂದೊಂದು ಶನಿವಾರವನ್ನೂ ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದರು. ಆಮೇಲೆ ಪೀಟ್‌ಗೆ, ನಾನೇ ತಪ್ಪು ಅರ್ಥ ಮಾಡಿಕೊಂಡೆ, ಎಂದು ಹೇಳಿ ಅವನಿಗೆ ಇನ್ನೊಂದು ಕಪ್ ಕಾಫಿ ಬಗ್ಗಿಸಿದರು. ಅವನು ಹೋದ ಮೇಲೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ರಾತ್ರಿ ಊಟ ಮಾಡಿ ಮೇಲೆ ಮಲಗಲು ಹೋದರು. ಅಮ್ಮನೇ ಪಾತ್ರೆ ತೊಳೆಯುತ್ತ ನನ್ನ ಕಡೆ ತಿರುಗದೆ ಕೇಳಿದರು.

"ಕೇಳಿದ್ದಷ್ಟನ್ನ ಹೇಳೋಕೆ ಏನಾಗಿತ್ತೇ ನಿಂಗೆ?"

ಅಪ್ಪಾಜಿ ಕೇಳಬೇಕಾದ ಪ್ರಶ್ನೆ ಅದು. ಅವರು ಕೇಳಿದ್ದರೆ ಹೇಳುತ್ತಿದ್ದೆ. ಅಳುತ್ತ, ಬೈಸಿಕೊಳ್ಳುತ್ತ, ಕೈಯ ವಿಷಯವನ್ನೆಲ್ಲ ಹೇಳುತ್ತಿದ್ದೆ. ಯಾಕೆ ಎಂಬ ಎರಡಕ್ಷರವನ್ನು ಆ ಮನುಷ್ಯ ನನ್ನನ್ನು ಬದುಕಿಡೀ ಕೇಳಲಿಲ್ಲ. ಅದಕ್ಕಾಗಿ ನಾನು ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಮುಂದಿನ ಶನಿವಾರ ಜೇಬಿನಲ್ಲಿ ನಿಘಂಟು ಇಟ್ಟುಕೊಂಡು ಒಬ್ಬರೇ ಬಸ್ಸು ಹತ್ತಿದರು. ವಾರದ ಮೇಲೆ ಕೋವಿ ಬಲಕ್ಕೆ ವಾಲಿಕೊಂಡು ವಾಪಸು ಬಂತು. ಮರ ಸೀಳಿರಲಿಲ್ಲ. ಆ ವರ್ಷದ ಆಯುಧ ಪೂಜೆಗೆ ಮಣೆಯ ಮೇಲೆ ಅದೊಂದೇ. ಚಾಕು, ಪಂಪುಗಳಿಗೆ ಆ ಸಲ ಜಾಗ ಸಿಗಲಿಲ್ಲ. ಅಪ್ಪಾಜಿ ರೇಷ್ಮೆ ಪಂಚೆ ಉಟ್ಟು, ಅಂಗಡಿಯ ಸೇವಂತಿಗೆಯನ್ನು ನಳಿಗೆಗೆ ಮುಡಿಸಿ, ದೊಡ್ಡಪ್ಪನಿಗೆ ತಾವೇ ಫೋನ್ ಮಾಡಿದರು. ನನ್ನನ್ನು ಕರೆದು, ಬಲಗೈಯಲ್ಲಿ ಕುಂಕುಮ ಇಡು, ಎಂದರು. ಅಮ್ಮಣ್ಣಿ ಎನ್ನಲಿಲ್ಲ. ಇಟ್ಟೆ. ನವೆಂಬರಿನಲ್ಲಿ ಅವರು ಮೊದಲ ಫೆಸೆಂಟ್ ತಂದರು. ಸೋಫಾಕ್ಕಾಗಿ ಜಗಳವಾಡಿದ ಅಮ್ಮನೇ ಮೆಣಸು ಅರೆದು ಅದನ್ನು ಸಾರು ಮಾಡಿ, ನಮ್ಮ ಮಾವನವರ ಕಾಲದ ಘಮ ಎಂದು ಹೊಗಳಿದರು. ನನ್ನ ಹಲ್ಲಿಗೆ ಉಕ್ಕಿನ ಕಾಳೊಂದು ಕಟಕ್ಕನೆ ಸಿಕ್ಕಿತು, ಉಗುಳದೆ ನುಂಗಿದೆ.

ಮನೆಗೆ ಬರುವ ಕಾಗದಗಳು ಅದಾಗಲೇ ನನ್ನ ಕೈಗೆ ಬರುವುದು ನಿಂತಿತ್ತು. ಅಪ್ಪಾಜಿ ನಿಘಂಟು ಹಿಡಿದು ತಾವೇ ಒದ್ದಾಡುತ್ತಿದ್ದರು, ತಿಳಿಯದ್ದನ್ನು ಪೀಟ್ ಮನೆಗೆ ಒಯ್ಯುತ್ತಿದ್ದರು. ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಬೇರೆ ಯಾವುದೋ ಮಾತ್ರೆ ತಂದರು. ಆ ಚಳಿಗಾಲ ನಮ್ಮ ವಾಸದ ಪರವಾನಗಿ ನವೀಕರಿಸಲು ಮೂವರೂ ಪೊಲೀಸ್ ಕಚೇರಿಯ ಕೌಂಟರಿಗೆ ಹೋಗಬೇಕಿತ್ತು. ಹಿಂದೆಲ್ಲ ಅಲ್ಲಿ ಮಾತಾಡುತ್ತಿದ್ದವಳು ನಾನು. ಆ ದಿನ ಅಪ್ಪಾಜಿ ಮುಂದೆ ಹೋಗಿ, ಮಡಿಸಿದ ಕಾಗದ ಬಿಚ್ಚಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದ ಡಚ್ ವಾಕ್ಯಗಳನ್ನು ಓದತೊಡಗಿದರು. ಇಂಗ್ಲಿಷ್ ಆಡಿದ್ದರೆ ಕೌಂಟರಿನ ಹೆಂಗಸಿಗೂ ತಿಳಿಯುತ್ತಿತ್ತೇನೋ, ಅವರಿಗೆ ಹಠ. ಅವಳು ಹೊಸಬಳು, ಒಳ್ಳೆಯವಳು, ಮುಂದಕ್ಕೆ ಬಾಗಿ ಕೇಳಿಸಿಕೊಂಡಳು. ಕೆಲಸದ ಕಾಗದ ಯಾವ ತಿಂಗಳವರೆಗಿದೆ ಎಂದು ಕೇಳಿದಳು. ಅಪ್ಪಾಜಿ, ಹೌದು, ಎಂದರು. ಮತ್ತೆ ಕೇಳಿದಳು. ಮತ್ತೆ ಹೌದು ಎಂದರು. ಸಾಲಿನಲ್ಲಿ ನಿಂತವರು ಕಾಲು ಬದಲಿಸಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಒಂದು ಹೆಜ್ಜೆ ಮುಂದಿಟ್ಟೆ. ಅವಳು ನನ್ನನ್ನು ನೋಡಿ ಮುಖ ಅರಳಿಸಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಅಪ್ಪಾಜಿಯನ್ನು ಕೇಳಿದಳು, ನಿಮ್ಮ ಮಗಳಿಗೆ ಡಚ್ ಬರುತ್ತದೆಯೇ ಎಂದು.

ಆ ಪ್ರಶ್ನೆ ಅವರಿಗೆ ಪೂರ್ತಿ ಅರ್ಥವಾಯಿತು. ನನ್ನ ಕಡೆ ತಿರುಗಲಿಲ್ಲ.

"ಇಲ್ಲ," ಎಂದರು, ಸ್ಪಷ್ಟವಾದ ಡಚ್ಚಿನಲ್ಲಿ. "ಅವಳಿಗೆ ಬರುವುದಿಲ್ಲ."

ಅವಳು ಪಾಪ ಎನ್ನುವಂತೆ ನನ್ನನ್ನು ನೋಡಿ ನಕ್ಕು, ಮಾತು ತಿಳಿಯದವಳಿಗೆ ಹೇಳುವ ಹಾಗೆ, ಗೋಡೆಯ ಪಕ್ಕದ ಕುರ್ಚಿಯನ್ನು ಕೈಸನ್ನೆಯಲ್ಲಿ ತೋರಿಸಿದಳು. ನಾನು ಹೋಗಿ ಕೂತೆ.